ಸ್ಪಿತಿಯ ಕಚ್ಚಾ ರಸ್ತೆಗೆ ಬೈಕ್ ತಂಡ: ಹೊರಡುವ ಮುನ್ನ ಮನೆಯಲ್ಲಿ ಆಗಬೇಕಾದ ಮಾತು

ಪದವಿ ಮುಗಿಸಿದ ಅಥವಾ ಮೊದಲ ಉದ್ಯೋಗಕ್ಕೆ ಸೇರಿದ ಮಗ, ಹಳೆಯ ಶಾಲೆಯ ಸಹಪಾಠಿಗಳೊಡನೆ ಬೈಕಿನಲ್ಲಿ ಹಿಮಾಲಯಕ್ಕೆ ಹೋಗಿಬರುವೆನೆಂದು ಹೇಳುವುದು ಗಡಿನಾಡಿನ ಮನೆಗಳಲ್ಲಿಯೂ ಈಗ ಅಪರೂಪವಲ್ಲ. ಕೆಲವೆಡೆ ಮಗಳೂ ಅದನ್ನೇ ಕೇಳುತ್ತಾಳೆ. ಹೆತ್ತವರ ಮುಂದೆ ಈ ಪ್ರಶ್ನೆ ಸಾಮಾನ್ಯವಾಗಿ ಹಣದ ರೂಪದಲ್ಲಿಯೇ ಬರುತ್ತದೆ. ಮಾರ್ಗದರ್ಶಕರೊಡನೆ ಕರೆದೊಯ್ಯುವ ಸಂಸ್ಥೆಗೆ ಇಷ್ಟು ಕೊಡಬೇಕು, ತಾವೇ ಹೋದರೆ ಅದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ ಎಂಬ ಲೆಕ್ಕ. ಕಡಿಮೆಯದನ್ನು ಆರಿಸಿ ಮಾತು ಮುಗಿಸುವ ಮನೆಗಳೇ ಹೆಚ್ಚು. ಆದರೆ ಮಾರ್ಗದರ್ಶಕನಿಗೆ ತೆರುವ ಹಣ ಮುಖ್ಯವಾಗಿ ಸಲ್ಲುವುದು ಒಂದೇ ಕೆಲಸಕ್ಕೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ‘ಇಂದು ಮುಂದಕ್ಕೆ ಹೋಗುವುದು ಬೇಡ’ ಎಂದು ಹೇಳುವ ಅಧಿಕಾರ ಅಲ್ಲಿ ಒಬ್ಬನಿಗೆ ಇರುತ್ತದೆ. ಆತನ ಮಾತನ್ನು ಉಳಿದವರು ಕೇಳುತ್ತಾರೆ. ಐದಾರು ಮಂದಿ ಗೆಳೆಯರು ತಾವಾಗಿ ಹೊರಟಾಗ ಆ ಅಧಿಕಾರ ಯಾರದು? ಇದಕ್ಕೆ ಉತ್ತರವಿಲ್ಲದ ತಂಡಕ್ಕೆ ಖರ್ಚು ಎಷ್ಟೇ ಕಡಿಮೆಯಾದರೂ ಅದು ಅಗ್ಗವಲ್ಲ.

ಕಚ್ಚಾ ರಸ್ತೆಯ ಪ್ರಯಾಣಕ್ಕೆ ನಮ್ಮ ದೇಶದಲ್ಲಿ ಬಹುಜನರು ಆರಿಸಿಕೊಳ್ಳುವ ದಾರಿಗಳಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಸುತ್ತು ಒಂದು. ಅದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ. ಡಾಂಬರು, ಜಲ್ಲಿ, ಧೂಳು, ಕೆಸರು, ರಸ್ತೆಗೆ ಅಡ್ಡಲಾಗಿ ಹರಿಯುವ ಹಿಮದ ನೀರು ಇವೆಲ್ಲವೂ ಒಂದೇ ವಾರದೊಳಗೆ ಅಲ್ಲಿ ಎದುರಾಗುತ್ತವೆ. ಭಾರತೀಯ ನಾಗರಿಕರಿಗೆ ಈ ಸುತ್ತಿಗೆ ಒಳಗಡಿ ಪರವಾನಗಿ ಬೇಕಾಗಿಲ್ಲ. ಗುರುತಿನ ಚೀಟಿ ಮಾತ್ರ ಜೊತೆಯಲ್ಲಿರಬೇಕು.

ಮೊದಲು ಪರವಾನಗಿ

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಇದು ಹಿರಿಯರ ತಲೆಯ ಮೇಲೆಯೇ ಬರುವಂಥದು. ಗೇರ್ ಇರುವ ಮೋಟಾರ್‌ಸೈಕಲ್ ಓಡಿಸಲು 18 ವರ್ಷ ತುಂಬಿರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡವೂ 3 ವರ್ಷಗಳವರೆಗಿನ ಸೆರೆವಾಸವೂ ಆಗಬಹುದು. ಆ ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ದೊರೆಯುವುದಿಲ್ಲ. ಹನ್ನೆರಡನೆಯ ತರಗತಿಯಲ್ಲಿರುವ ತಮ್ಮನನ್ನೂ ‘ಒಂದಿಷ್ಟು ದೂರ ಓಡಿಸಲಿ’ ಎಂದು ಕರೆದೊಯ್ಯುವ ಅಣ್ಣಂದಿರು ಇದನ್ನು ಓದಬೇಕು. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ: ಗೇರಿಲ್ಲದ ಸ್ಕೂಟರಿಗಾಗಿ ಪಡೆದ ಲೈಸೆನ್ಸ್ ಗೇರ್ ಇರುವ ಬೈಕಿಗೆ ಸಲ್ಲದು. ಮನೆಯಲ್ಲಿರುವ ಕಾರ್ಡನ್ನು ತೆಗೆದು ಯಾವ ವರ್ಗವೆಂದು ನೋಡಿರಿ.

ರಜೆಯೂ ಕಾಲವೂ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿದ ಗೆಳೆಯರ, ದಾಯಾದಿಗಳ ತಂಡ ಕಟ್ಟುವಾಗ ನಮಗೆ ಮಾತ್ರವೇ ಬರುವ ಒಂದು ತೊಡಕಿದೆ. ಕಾಸರಗೋಡಿನವನಿಗೆ ದೊಡ್ಡ ರಜೆ ಓಣಂಗೆ, ಸೊಲ್ಲಾಪುರದವನಿಗೆ ದೀಪಾವಳಿಗೆ, ಮಡಕಶಿರಾದವನಿಗೆ ದಸರೆಗೆ. ಎಲ್ಲರಿಗೂ ಒಟ್ಟಿಗೆ ಬಿಡುವಾಗುವುದು ಬೇಸಗೆಯಲ್ಲಿ ಎಂದು ಏಪ್ರಿಲ್, ಮೇ ತಿಂಗಳನ್ನು ಗೊತ್ತುಮಾಡುವವರಿದ್ದಾರೆ. ಆಗ ಸ್ಪಿತಿಯನ್ನೂ ಮನಾಲಿ ಕಡೆಯನ್ನೂ ಸೇರಿಸುವ ಕುಂಜುಮ್ ಕಣಿವೆದಾರಿ ಹಿಮದಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಮೇ ಕೊನೆಗೆ ಅಥವಾ ಜೂನ್‌ನಲ್ಲಿ ತೆರೆಯುವ ಆ ದಾರಿ ಅಕ್ಟೋಬರ್ ಕೊನೆಯ ಹೊತ್ತಿಗೆ ಮುಚ್ಚಬಹುದು. ಹೀಗಾಗಿ ಬೇಸಗೆಯಲ್ಲಿ ಹೋದವರು ಹೋದ ದಾರಿಯಲ್ಲಿಯೇ ಹಿಂತಿರುಗಬೇಕು.

ಜುಲೈ, ಆಗಸ್ಟ್ ತಿಂಗಳುಗಳನ್ನು ನಾವು ಬೇಡವೆನ್ನುತ್ತೇವೆ. ಸ್ಪಿತಿ ಮಳೆನೆರಳಿನ ನಾಡಾದರೂ ಅಲ್ಲಿಗೆ ಹೋಗುವ ಕಿನ್ನೌರಿನ ರಸ್ತೆಯ ಮೇಲೆ ಗುಡ್ಡ ಜಾರುವ ಕಾಲವದು. 2021ರ ಆಗಸ್ಟ್‌ನಲ್ಲಿ ನಿಗುಲ್ಸಾರಿಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಬಸ್ಸೂ ಇತರ ವಾಹನಗಳೂ ಹೂತುಹೋಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈಯಲ್ಲಿ ಚಂದ್ರತಾಲ ಸರೋವರದ ಬಳಿ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ಹಿಮಪಾತದಿಂದ ಹಲವು ದಿನ ಸಿಕ್ಕಿಬಿದ್ದಿದ್ದರು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗಿನ ಅವಧಿ ಉತ್ತಮ. ರಾತ್ರಿಯ ಚಳಿ ಕಠಿಣವಾಗಿದ್ದರೂ ಅಡ್ಡ ಹರಿಯುವ ತೊರೆಗಳು ಇಳಿದಿರುತ್ತವೆ. ಯಾವ ತಿಂಗಳಾದರೂ ಹತ್ತು ದಿನದ ಪ್ರವಾಸಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಮರಳುವ ರೈಲಿನ ಟಿಕೆಟ್ ತಪ್ಪುತ್ತದೆಂಬ ಆತುರ ಹಿಮಾಲಯದ ರಸ್ತೆಯಲ್ಲಿ ಬಹಳ ಕೆಟ್ಟ ಸಂಗಾತಿ.

ಏರುವ ಬಗೆ

ಮಾರ್ಗದರ್ಶಕನಿರಲಿ ಇಲ್ಲದಿರಲಿ, ಯೋಜನೆಯ ಗುಣವನ್ನು ಅಳೆಯಲು ಹೆತ್ತವರು ನೋಡಬೇಕಾದ ಕಾಗದ ಒಂದೇ: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತಾರೆ ಎಂಬ ಪಟ್ಟಿ. ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡ ಇಳಿದು ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ; ದೇಹ ಹೊಂದಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಡಲ ತೀರದ ಕಾಸರಗೋಡಿನ ಹುಡುಗನಿಗೂ ನೀಲಗಿರಿಯ ಹುಡುಗನಿಗೂ ಈ ನಿಯಮ ಒಂದೇ. ಉದಕಮಂಡಲದ ಎತ್ತರ ಸುಮಾರು 2,240 ಮೀಟರ್ ಮಾತ್ರ.

ಅಗ್ಗದ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸುಮಾರು 2,000 ಮೀಟರ್ ಎತ್ತರದ ಮನಾಲಿಯಲ್ಲಿ ಬೈಕ್ ಬಾಡಿಗೆಗೆ ಪಡೆದು, ಬೆಳಿಗ್ಗೆ ಅಟಲ್ ಸುರಂಗದೊಳಗೆ ಹಾದು, ಸುಮಾರು 4,550 ಮೀಟರಿನ ಕುಂಜುಮ್ ಏರಿ, ರಾತ್ರಿ ಸುಮಾರು 3,700 ಮೀಟರಿನ ಕಾಜಾದಲ್ಲಿ ಮಲಗಿದರೆ ದಾರಿ 200 ಕಿಲೋಮೀಟರಿನೊಳಗೆ ಮುಗಿಯುತ್ತದೆ. ದಿನವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಮಲಗುವ ಎತ್ತರ ಮಾತ್ರ ಒಂದೇ ದಿನಕ್ಕೆ 1,700 ಮೀಟರ್ ಹಾರಿರುತ್ತದೆ. ಅದೇ ಸುತ್ತನ್ನು ತಿರುವುಮುರುವಾಗಿ ಮಾಡಬೇಕು. ಮನಾಲಿಯಿಂದ ಕೆಳಕ್ಕಿಳಿದು ಔಟ್, ಜಲೋರಿ ಕಣಿವೆಯ ಮೂಲಕ ಸತ್ಲಜ್ ದಂಡೆಯ ರಾಮಪುರ. ಅಲ್ಲಿಂದ ಸುಮಾರು 2,900 ಮೀಟರಿನ ಕಲ್ಪಾ. ಮರುದಿನ ಸುಮಾರು 3,600 ಮೀಟರಿನ ನಾಕೋ ಹಳ್ಳಿಯಲ್ಲಿ ನಿಂತು, ಚಹಾ ಕುಡಿದು, ಮುಂದೆ 3,280 ಮೀಟರಿನ ತಾಬೋಕ್ಕೆ ಇಳಿದು ಮಲಗುವುದು. ಏರಿ ಇಳಿದು ಮಲಗಿದರೆ ದೇಹಕ್ಕೆ ಹಿತ. ತಾಬೋದ ಮಣ್ಣುಗೋಡೆಯ ಬೌದ್ಧ ವಿಹಾರ ಕ್ರಿ.ಶ. 996ರದು, ಒಂದು ಇಡೀ ಬೆಳಗನ್ನು ಅದಕ್ಕಾಗಿ ಕೊಡುವುದು ದಂಡವಲ್ಲ. ಆಮೇಲೆ 47 ಕಿಲೋಮೀಟರ್ ದೂರದ ಕಾಜಾ, ಅಲ್ಲಿ ಎರಡು ರಾತ್ರಿ, ಕೊನೆಗೆ ಕುಂಜುಮ್ ದಾಟಿ ಮನಾಲಿಗೆ. ಈ ಸುತ್ತು ಸುಮಾರು 750 ಕಿಲೋಮೀಟರ್; ಕಾಜಾದ ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೆ 900.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡವನು ಇನ್ನೂ ಮೇಲೇರಬಾರದು. ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಲ್ಲಿಯೇ ಉಸಿರುಗಟ್ಟಿದರೆ ರಾತ್ರಿಯಾದರೂ ಸರಿ, ಜೀಪಿನಲ್ಲಿ ಕೆಳಕ್ಕೆ ಇಳಿಸಿ ಆಸ್ಪತ್ರೆಗೆ ಸೇರಿಸಬೇಕು. ಎತ್ತರಕ್ಕೆಂದು ನುಂಗುವ ಮಾತ್ರೆಯನ್ನು ಊರಿನ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು; ಕೆಲವರಿಗೆ ಅದು ಒಗ್ಗುವುದಿಲ್ಲ. ಮದ್ಯವನ್ನು ಮಾತ್ರ ಯಾವ ವೈದ್ಯರನ್ನೂ ಕೇಳದೆ ಬಿಡಬಹುದು.

ಸಂಸ್ಥೆಯೊಡನೆ ಹೋಗುವುದಾದರೆ

ಮಾರ್ಗದರ್ಶಕರುಳ್ಳ ಪ್ರವಾಸದಲ್ಲಿ ಸಾಮಾನ್ಯವಾಗಿ ಮುಂದೆ ಒಬ್ಬ ಸವಾರ, ಕೊನೆಯಲ್ಲಿ ಒಬ್ಬ, ಒಬ್ಬ ಮೆಕ್ಯಾನಿಕ್, ಲಗೇಜು ಹೊರುವ ಒಂದು ಜೀಪು ಇರುತ್ತವೆ. ಆ ಜೀಪೇ ಈ ಏರ್ಪಾಟಿನ ಜೀವ. ಕಾಲು ಉಳುಕಿದವನು, ತಲೆ ಸುತ್ತಿದವನು ಕುಳಿತುಕೊಳ್ಳಲು ಒಂದು ಆಸನ ಸದಾ ಖಾಲಿ ಇರುತ್ತದೆಯೇ, ಜೀಪು ತಂಡದ ಹಿಂದೆಯೇ ಬರುತ್ತದೆಯೇ ಅಥವಾ ಮುಂದಾಗಿ ಹೋಗಿ ವಸತಿಯಲ್ಲಿ ನಿಂತಿರುತ್ತದೆಯೇ ಎಂದು ಕೇಳಬೇಕು. ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಬೈಕುಗಳು? ಎಂಟಕ್ಕಿಂತ ಹೆಚ್ಚೆಂದರೆ ಕೊನೆಯವನ ಮುಖ ಅವನಿಗೆ ಸಂಜೆಯವರೆಗೆ ಕಾಣದು. ಪೆಟ್ರೋಲ್, ಬೈಕಿಗಾದ ಹಾನಿ, ಆಸ್ಪತ್ರೆಗೆ ಸಾಗಿಸುವ ಖರ್ಚು ಇವು ಬಹುತೇಕ ಹೇಳಿದ ದರದ ಹೊರಗಿರುತ್ತವೆ.

ಇಲ್ಲಿ ಕನ್ನಡ ಮಾಧ್ಯಮದ ಮನೆಗಳಿಗೆ ಒಂದು ಮಾತು. ಸಂಸ್ಥೆಗಳು ಸಹಿಗೆ ಕೊಡುವ ಒಪ್ಪಿಗೆ ಪತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಹೊರಡುವ ದಿನ ಬೆಳಿಗ್ಗೆ ಕೈಗೆ ಬರುತ್ತದೆ. ಗೆಳೆಯರ ಎದುರು ‘ಅರ್ಥವಾಗಲಿಲ್ಲ’ ಎನ್ನಲು ನಾಚಿ ಸಹಿ ಹಾಕುವವರೇ ಹೆಚ್ಚು. ಅದನ್ನು ವಾರಕ್ಕೆ ಮೊದಲೇ ತರಿಸಿಕೊಳ್ಳಿರಿ; ಊರಿನ ಶಾಲೆಯ ಇಂಗ್ಲಿಷ್ ಅಧ್ಯಾಪಕರನ್ನೋ ಪರಿಚಯದ ವಕೀಲರನ್ನೋ ಕೇಳಿ ಸಾಲುಸಾಲಾಗಿ ಕನ್ನಡದಲ್ಲಿ ಬರೆಸಿಕೊಳ್ಳಿರಿ. ಅದರಲ್ಲಿ ಹುಡುಕಬೇಕಾದುದು ನಾಲ್ಕು ಅಂಶ: ರಸ್ತೆ ಮುಚ್ಚಿ ಪ್ರವಾಸ ನಿಂತರೆ ಹಣ ಮರಳುವುದೇ, ಅಪಘಾತವಾದರೆ ಹೊಣೆ ಯಾರದು, ಬೈಕಿನ ಹಾನಿಯನ್ನು ಯಾರು, ಯಾವ ದರದಲ್ಲಿ ನಿರ್ಣಯಿಸುತ್ತಾರೆ, ಮಾರ್ಗದರ್ಶಕನು ಒಬ್ಬ ಸವಾರನನ್ನು ತಡೆದು ಜೀಪಿನಲ್ಲಿ ಕೂರಿಸಬಹುದೇ. ಕೊನೆಯದಕ್ಕೆ ‘ಹೌದು’ ಎಂದಿದ್ದರೆ ಆ ಸಂಸ್ಥೆಯನ್ನು ನಂಬಲು ಅದು ಒಂದು ಕಾರಣ.

ತಾವೇ ಹೋಗುವುದಾದರೆ

ಸ್ವಂತವಾಗಿ ಹೋಗುವುದನ್ನು ನಾವು ಹಳಿಯುವುದಿಲ್ಲ. ಮಾರ್ಗದರ್ಶಕ, ಮೆಕ್ಯಾನಿಕ್, ಜೀಪು ಮಾಡುವ ಕೆಲಸಗಳನ್ನು ಹೆಸರು ಹಿಡಿದು ಹಂಚಿಕೊಂಡ ತಂಡ ಸುಖವಾಗಿ ಹೋಗಿಬರುತ್ತದೆ. ಐದಾರು ಬೈಕು ಸಾಕು. ಮುಂದಾಳು ಒಬ್ಬ: ರಸ್ತೆ, ಹವೆ, ನಿಲ್ಲುವ ಊರು ಇವುಗಳಲ್ಲಿ ಅವನ ಮಾತೇ ಕೊನೆಯದು, ‘ಬೇಡ’ ಎಂದು ಅವನು ಹೇಳಿದ ಮೇಲೆ ಮತ ಎಣಿಸುವಂತಿಲ್ಲ. ಕೊನೆಯಾಳು ಒಬ್ಬ: ತಂಡದಲ್ಲಿ ಚೆನ್ನಾಗಿ ಓಡಿಸಬಲ್ಲವನೇ ಹಿಂದಿರಬೇಕು, ಪಂಕ್ಚರ್ ಸಾಮಾನು ಅವನಲ್ಲಿರಬೇಕು. ಇದು ಹುಡುಗರಿಗೆ ಒಪ್ಪಿಸಲು ಕಷ್ಟ, ಚೆನ್ನಾಗಿ ಓಡಿಸುವವನಿಗೆ ಮುಂದೆ ಹೋಗುವ ಆಸೆ. ಔಷಧಿ ಮತ್ತು ಆರೋಗ್ಯ ಒಬ್ಬರಿಗೆ, ಲೆಕ್ಕ ಒಬ್ಬರಿಗೆ. ಕವಲುದಾರಿ ಬಂದಲ್ಲಿ ಹಿಂದಿನವನು ಕಣ್ಣಿಗೆ ಬೀಳುವವರೆಗೆ ಮುಂದಿನವನು ಹೊರಡಕೂಡದು. ಈ ಒಂದೇ ನಿಯಮ ಪಾಲಿಸಿದರೆ ಸಿಗ್ನಲ್ ಇಲ್ಲದ ಕಡೆಯೂ ಯಾರೂ ಕಳೆದುಹೋಗುವುದಿಲ್ಲ.

ನಮ್ಮ ಬೈಕನ್ನೇ ರೈಲಿನಲ್ಲಿ ಸಾಗಿಸಬೇಕೇ, ಅಲ್ಲಿ ಬಾಡಿಗೆಗೆ ಪಡೆಯಬೇಕೇ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಆದೋನಿ, ಸೊಲ್ಲಾಪುರಗಳನ್ನು ಹಾದೇ ಹೋಗುತ್ತದೆ. ಕಾಸರಗೋಡಿನವರಿಗೆ ಮಂಗಳಾ ಎಕ್ಸ್‌ಪ್ರೆಸ್ ಇದೆ. ಪಾರ್ಸೆಲ್ ಕಚೇರಿಯಲ್ಲಿ ಆರ್.ಸಿ. ಪ್ರತಿ ಕೊಟ್ಟು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಗೋಣಿ ಸುತ್ತಿಸಿ ಕಳುಹಿಸಬಹುದು. ಆದರೆ ಒಂದೆರಡು ನಿಮಿಷ ಮಾತ್ರ ರೈಲು ನಿಲ್ಲುವ ಊರಿನಲ್ಲಿ ಬೈಕ್ ಏರಿಸುವುದು ಸುಲಭವಲ್ಲ, ನಾವು ಹೋಗುವ ರೈಲಿನಲ್ಲಿಯೇ ಅದು ಬರುವುದೆಂಬ ಭರವಸೆಯೂ ಇಲ್ಲ. ಹತ್ತು ದಿನದ ಪ್ರವಾಸಕ್ಕೆ ಬಾಡಿಗೆಯೇ ಲೇಸು.

ಬಾಡಿಗೆಯ ಬೈಕಿನಲ್ಲಿ ಮೊದಲು ನೋಡಬೇಕಾದುದು ನಂಬರ್ ಪ್ಲೇಟು. ಸ್ವಂತ ಚಾಲನೆಗೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದ ವಾಹನಕ್ಕೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುತ್ತದೆ. ಬಿಳಿ ಪ್ಲೇಟಿನ ಖಾಸಗಿ ಬೈಕನ್ನು ಕಡಿಮೆ ದರಕ್ಕೆ ಕೊಟ್ಟರೆ, ಅಪಘಾತವಾದಾಗ ವಿಮೆಯ ಕಂಪನಿ ಹಣ ನಿರಾಕರಿಸಲು ಅದೊಂದೇ ಸಾಕಾಗಬಹುದು. ವಿಮೆಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಮನೆಮನೆಯಲ್ಲಿದೆ. ಬೈಕಿನ ಪಾಲಿಸಿಯೊಡನೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ವಾಹನದ ಮಾಲೀಕನು ಓಡಿಸುವಾಗ ಅವನಿಗೆ ಸಲ್ಲುವಂಥದು. ಗೆಳೆಯನ ಅಥವಾ ಬಾಡಿಗೆಯ ಬೈಕ್ ಓಡಿಸುವ ನಿಮ್ಮ ಮಗನಿಗೆ ಅದು ಸಲ್ಲದು. ಅವನಿಗೆ ಪ್ರತ್ಯೇಕ ಅಪಘಾತ ವಿಮೆಯನ್ನೂ ಆರೋಗ್ಯ ವಿಮೆಯನ್ನೂ ಮಾಡಿಸಬೇಕು. ಸಾಹಸ ಪ್ರವಾಸವನ್ನು ಆ ಪಾಲಿಸಿ ಹೊರಗಿಟ್ಟಿದೆಯೇ ಎಂದು ಏಜೆಂಟರನ್ನು ಬರಹದಲ್ಲಿ ಕೇಳಬೇಕು.

ಯಾವ ಬೈಕು? ದೊಡ್ಡದೇ ಆಗಬೇಕೆಂದಿಲ್ಲ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ತೂಕ ಸುಮಾರು 200 ಕಿಲೋ, ಹೀರೋ ಎಕ್ಸ್‌ಪಲ್ಸ್ 200ರದು 160ರ ಒಳಗೆ. ಕೆಸರಿನಲ್ಲಿ ಮಗುಚಿದ ಬೈಕನ್ನು ಗಾಳಿ ತೆಳುವಾದ ಎತ್ತರದಲ್ಲಿ ದಿನಕ್ಕೆ ನಾಲ್ಕು ಬಾರಿ ಎತ್ತುವವನಿಗೆ ಆ 40 ಕಿಲೋ ಅರ್ಥವಾಗುತ್ತದೆ. ಎರಡೂ ಪಾದ ನೆಲಕ್ಕೆ ಊರುವಂತಿರಬೇಕೆಂಬುದು ನಮ್ಮ ಅಳತೆ.

ಖರ್ಚನ್ನು ಹೀಗೆ ಲೆಕ್ಕ ಹಾಕಬಹುದು. 900 ಕಿಲೋಮೀಟರಿಗೆ ಲೀಟರಿಗೆ 30ರಂತೆ 30 ಲೀಟರ್ ಪೆಟ್ರೋಲ್. ಅದು ಖರ್ಚಿನ ಸಣ್ಣ ಭಾಗ. ದೊಡ್ಡವು ಬೈಕ್ ಬಾಡಿಗೆ, ವಸತಿ, ಊರಿನಿಂದ ಹೋಗಿಬರುವ ರೈಲು. ಹಳ್ಳಿಗಳ ಮನೆವಸತಿಗಳಲ್ಲಿ ಕೊಠಡಿ ಹಂಚಿಕೊಂಡರೆ ಉಳಿತಾಯವಾಗುತ್ತದೆ. ಊಟವೂ ಅಲ್ಲಿಯೇ ದೊರೆಯುತ್ತದೆ. ಹೆಲ್ಮೆಟ್, ಕೈಗವಸು, ಮೊಣಕಾಲು ರಕ್ಷೆ, ಗಿಣ್ಣು ಮುಚ್ಚುವ ಬೂಟುಗಳಲ್ಲಿ ಉಳಿಸಬಾರದು. ಒಟ್ಟು ಮೊತ್ತದ ಐದರಲ್ಲೊಂದು ಭಾಗವನ್ನು ಮುಟ್ಟದ ಹಣವಾಗಿ ಲೆಕ್ಕದವನ ಬಳಿ ನಗದಾಗಿ ಇಡಬೇಕು. ಜೀಪು ಕರೆಸಬೇಕಾದಾಗ ಫೋನಿನಲ್ಲಿ ಹಣ ಕಳುಹಿಸಲು ಸಿಗ್ನಲ್ ಇರುವುದಿಲ್ಲ. ಕಾಜಾದಲ್ಲಿ ಪೆಟ್ರೋಲ್ ಬಂಕ್ ಇದೆ. ಅಲ್ಲಿ ಟ್ಯಾಂಕ್ ತುಂಬಿಸದೆ ಕುಂಜುಮ್ ಕಡೆಗೆ ಹೊರಡಬಾರದು.

ಊರಿನಲ್ಲಿಯೇ ಅಭ್ಯಾಸ

ಕಚ್ಚಾ ರಸ್ತೆ ನಮ್ಮವರಿಗೆ ಹೊಸದಲ್ಲ. ಅಕ್ಕಲಕೋಟೆ, ಜತ್ತದ ಎರೆಮಣ್ಣಿನ ದಾರಿ ಮಳೆಯಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಚ್ಚಿಕೊಂಡು ಬೈಕನ್ನು ನಿಲ್ಲಿಸಿಬಿಡುತ್ತದೆ. ರಾಯದುರ್ಗದ ಗರಸು, ಕಾಸರಗೋಡಿನ ಮುರಕಲ್ಲಿನ ಪಾರೆ ಇವೂ ಪಾಠಶಾಲೆಗಳೇ. ಹೊರಡುವ ಮೊದಲು ಎರಡು ದಿನ ಪೂರ್ಣ ಲಗೇಜು ಕಟ್ಟಿ ಇಂಥ ದಾರಿಯಲ್ಲಿ ಇಡೀ ತಂಡ ಓಡಾಡಬೇಕು. ಕಾಲಿಡುವ ಪೆಡಲುಗಳ ಮೇಲೆ ನಿಂತು, ಮೊಣಕಾಲು ಸಡಿಲಿಸಿ, ಚಕ್ರದ ಮುಂದಿನ ಕಲ್ಲನ್ನು ಬಿಟ್ಟು ದೂರ ನೋಡುತ್ತ ಓಡಿಸುವುದು, ಜಲ್ಲಿಯಲ್ಲಿ ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿಯುವುದು, ಟ್ಯೂಬ್ ಬದಲಿಸುವುದು, ಕ್ಲಚ್ ಕೇಬಲ್ ಹಾಕುವುದು ಎಲ್ಲರಿಗೂ ಬರಬೇಕು. ಆ ಎರಡು ದಿನದಲ್ಲಿ ಜಗಳವಾಡಿದ ತಂಡ ಹಿಮಾಲಯದಲ್ಲಿ ಹೊಂದಿಕೊಳ್ಳುವುದೆಂದು ನಾವು ನಂಬುವುದಿಲ್ಲ.

ಅಭ್ಯಾಸಕ್ಕೆ ಕಾಡಿನೊಳಗೆ ನುಗ್ಗಕೂಡದು. ವಯನಾಡು, ಮುದುಮಲೆ, ತಾಳವಾಡಿಯ ಸುತ್ತಲಿನ ಸಂರಕ್ಷಿತ ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸ್ಪಿತಿಯಲ್ಲಿಯೂ ರಸ್ತೆ ಬಿಟ್ಟು ಹುಲ್ಲಿನ ಇಳಿಜಾರಿಗೆ ಬೈಕ್ ಇಳಿಸುವುದು ತರವಲ್ಲ. ಆ ಹುಲ್ಲು ಅಲ್ಲಿನವರ ಯಾಕ್, ಕುರಿಗಳ ಮೇವು.

ತೊರೆ ದಾಟುವ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಊರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಹಳ್ಳಗಳು ಮಳೆ ಬಂದಾಗ ಏರುತ್ತವೆ. ಕುಂಜುಮ್ ಆಚೆ ಬಾತಲ್, ಛತ್ರು ನಡುವಿನ ತೊರೆಗಳು ಬಿಸಿಲು ಬಂದಾಗ ಏರುತ್ತವೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಹಗಲಿನ ಬಿಸಿಲಿಗೆ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬರಬಹುದು. ಆದುದರಿಂದ ಕಾಜಾದಿಂದ ನಸುಕಿನಲ್ಲಿಯೇ ಹೊರಡಬೇಕು. ದಾಟುವ ಮುನ್ನ ಒಬ್ಬನು ನಡೆದು ನೋಡಬೇಕು. ಒಂದನೆಯ ಗೇರಿನಲ್ಲಿ, ವೇಗ ಹೆಚ್ಚಿಸದೆ, ನಿಲ್ಲಿಸದೆ, ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ನೀರಿನ ಕೆಳಮಗ್ಗುಲಲ್ಲಿ ನಿಲ್ಲಬಾರದು. ನಡುವೆ ಬಿದ್ದು ಎಂಜಿನ್‌ಗೆ ನೀರು ಹೋದರೆ ಸ್ಟಾರ್ಟ್ ಬಟನ್ ಮುಟ್ಟದೆ ತಳ್ಳಿಕೊಂಡು ದಡ ಸೇರಿಸಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಯಬೇಕು. ನೀರು ತುಂಬಿದ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ರಾಡ್ ಬಾಗುತ್ತದೆ, ಆ ದುರಸ್ತಿಯ ಮುಂದೆ ಉಳಿಸಿದ ಹಣವೆಲ್ಲ ಹೋಗುತ್ತದೆ.

ಮನೆಯಲ್ಲಿ ಉಳಿಯುವ ಕಾಗದ

ಹೊರಡುವ ದಿನ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆದು ಮನೆಯಲ್ಲಿ ಬಿಟ್ಟುಹೋಗಬೇಕು: ಯಾವ ರಾತ್ರಿ ಯಾವ ಊರು, ವಸತಿಯ ದೂರವಾಣಿ, ಬೈಕಿನ ಸಂಖ್ಯೆ, ಉಳಿದ ಸವಾರರ ಮನೆಗಳ ಸಂಖ್ಯೆ, ಪಾಲಿಸಿಯ ಸಂಖ್ಯೆ, ಪ್ರತಿಯೊಬ್ಬನ ರಕ್ತದ ಗುಂಪು, ಒಗ್ಗದ ಔಷಧಿ. ಎಲ್ಲ ಮನೆಗಳಲ್ಲಿಯೂ ಒಂದೇ ಹಾಳೆ ಇರಬೇಕು. ಒಬ್ಬನು ಮನೆಯವರು ಹೆದರಿಯಾರೆಂದು ಮಾರ್ಗವನ್ನು ಬದಲಿಸಿ ಹೇಳಿದರೆ ತೊಂದರೆಯ ದಿನ ಯಾರಿಗೂ ನಿಜ ತಿಳಿಯದು. ದಿನಕ್ಕೊಮ್ಮೆ, ತಂಡದ ಒಬ್ಬನು ಒಂದು ಮನೆಗೆ ಕರೆ ಮಾಡಿದರೆ ಸಾಕು. ಆ ಮನೆಯವರು ಉಳಿದವರಿಗೆ ತಿಳಿಸುತ್ತಾರೆ. ಕುಂಜುಮ್ ದಾಟುವ ದಿನ ರಾತ್ರಿಯವರೆಗೂ ಕರೆ ಬಾರದಿರಬಹುದೆಂದು ಮೊದಲೇ ಹೇಳಿಟ್ಟಿರಬೇಕು. ಮರುದಿನ ಮಧ್ಯಾಹ್ನದವರೆಗೂ ಬಾರದಿದ್ದರೆ ಮೊದಲು ಹಿಂದಿನ ರಾತ್ರಿಯ ವಸತಿಗೆ, ಅನಂತರ ಕಾಜಾ ಪೊಲೀಸರಿಗೆ ಕರೆ ಮಾಡಬೇಕು. ಹಿಂದಿಯಲ್ಲಿ ಮಾತನಾಡಬಲ್ಲ ಒಬ್ಬರನ್ನು ಅದಕ್ಕಾಗಿ ಈಗಲೇ ಗೊತ್ತುಮಾಡಿರಿ. ಸೊಲ್ಲಾಪುರದ ಮನೆಗಳಿಗೆ ಇದು ಸಮಸ್ಯೆಯಲ್ಲ. ತಾಳವಾಡಿಯ ಅಜ್ಜಿಗೆ ಸಮಸ್ಯೆಯೇ.

ಕಾಜಾದಲ್ಲಿ ತಂಗುವ ದಿನ ಸುಮಾರು 4,400 ಮೀಟರ್ ಎತ್ತರದ ಹಿಕ್ಕಿಮ್ ಹಳ್ಳಿಗೆ ಹೋಗಿಬರುವುದು ವಾಡಿಕೆ. 1983ರಿಂದ ಅಲ್ಲಿ ಒಂದು ಅಂಚೆ ಕಚೇರಿ ಇದೆ. ಅಲ್ಲಿಂದ ಮನೆಗೆ ಕನ್ನಡದಲ್ಲಿ ಒಂದು ಕಾರ್ಡು ಬರೆಯಲು ಮಕ್ಕಳಿಗೆ ಹೇಳಿರಿ. ಪಿನ್ ಕೋಡನ್ನು ಅಂಕಿಯಲ್ಲಿಯೂ ಊರು, ರಾಜ್ಯಗಳನ್ನು ಇಂಗ್ಲಿಷಿನಲ್ಲಿಯೂ ಸ್ಪಷ್ಟವಾಗಿ ಬರೆದಿರಲಿ. ಕಾರ್ಡು ಬರುವ ಹೊತ್ತಿಗೆ ಬರೆದವನು ಬಹುಶಃ ಮನೆಯಲ್ಲಿರುತ್ತಾನೆ.